ಹಿಮದ ನಾಡಿಗಾಗಿ ಅತ್ತ ಮಾಸ್ತರು

ಮೊನ್ನೆ ರೋಣದ ಬಸ್ ನಿಲ್ದಾಣದ ಹೊರಗೆ ಯಾರೋ ಹುಣಸೆ ಗಿಡ ಸವರುತ್ತಿದ್ದರು. ಹಸಿ ಬರಲಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಚುರುಗುಟ್ಟಿತು. ಇಷ್ಟು ವಯಸ್ಸಾದರೂ... ಭೂಗೋಳದ ಮಾಸ್ತರು ನೆನಪಾದರು.

ನಾವು ತಾಂಡಾದ ಹುಡುಗಿಯರು ಗಜೇಂದ್ರಗಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆವು. ಹಾಸ್ಟೆಲಿನ ಉಸ್ತುವಾರಿಯೂ ಅವರದೇ. ಪಾಠ ಹೇಳುವುದರಲ್ಲಿ ಮಾತ್ರ ಎತ್ತಿದ ಕೈ. ಒಂದು ಮಧ್ಯಾಹ್ನ ಸೈಬೀರಿಯಾದ ಯುಕಾಗಿರ್ ಜನರ ಕಥೆ ಹೇಳಿದರು. ಬೇಟೆಗೆ ಹೊರಟವರು ಪ್ರಾಣಿಯ ಹೆಸರೆತ್ತುವುದಿಲ್ಲವಂತೆ, ಅದಕ್ಕೆ ಕೇಳಿಸಿಬಿಡುತ್ತದೆಂದು, 'ದೊಡ್ಡದು' ಎನ್ನುತ್ತಾರಂತೆ. ಅಂಥವರ ಮಕ್ಕಳನ್ನು ಸರ್ಕಾರದವರು ದೂರದ ವಸತಿ ಶಾಲೆಗೆ ಹಾಕಿ, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರಂತೆ. ಈಗ ಆ ಮಾತು ಬಲ್ಲವರು ಬೆರಳೆಣಿಕೆಯ ಮುದುಕರು.

"ಒಂದ ಭಾಷಾ ಸತ್ರ ಒಂದ ಮನಿತನಾನ ಸತ್ತಂಗ," ಎಂದು ಚಷ್ಮಾ ತೆಗೆದು ಕಣ್ಣೊರೆಸಿಕೊಂಡರು. ನಾವೂ ಅತ್ತೆವು. ನಾನು ತಡೆಯಲಾರದೆ ಪಕ್ಕದವಳ ಕಿವಿಯಲ್ಲಿ, ಪಾಪ ಆ ಮಕ್ಕಳು, ಎಂದೆ. ನಮ್ಮ ಲಂಬಾಣಿಯಲ್ಲಿ ಎಂದೆ.

"ಯಾರದು? ತಾಂಡಾದ ಮಾತು ತಾಂಡಾದಾಗ ಬಿಟ್ಟ ಬರ್ರಿ ಅಂತ ಎಷ್ಟ ಸಲ ಹೇಳ್ಬೇಕು? ಹಿಡಿ ಕೈ!"

ಅವರ ಕಣ್ಣು ಇನ್ನೂ ಒದ್ದೆಯಿತ್ತು. ಹುಣಸೆ ಬರಲು ಮುರಿಯುವವರೆಗೆ ಹೊಡೆದರು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಪುಣ್ಯಾತ್ಮನಿಗೆ ದೂರದ ಮಕ್ಕಳ ಮೇಲೆ ಕರುಳು ಭಾರಿ. ಆಮೇಲೆ ಊಟಕ್ಕೆ ಕೂತಾಗಲೂ, ನಿದ್ದೆಗಣ್ಣಿನಲ್ಲೂ ನಮ್ಮದು ಕನ್ನಡವೇ. ರಜೆಗೆ ಹೋದಾಗ ಯಾಡಿ, ಅಂದರೆ ನನ್ನ ಅವ್ವ, ಲಂಬಾಣಿಯಲ್ಲಿ ಕೇಳುತ್ತಿದ್ದಳು. ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ.

ನಮ್ಮಲ್ಲಿ ಮದುವಣಗಿತ್ತಿ ತವರು ಬಿಡುವಾಗ ಸುಮ್ಮನೆ ಅಳುವಂತಿಲ್ಲ. ತಾಯಿಯ ಕೊರಳು ತಬ್ಬಿ ಹಾಡಿ ಅಳಬೇಕು. ಅದಕ್ಕೆ ಢಾವಲೊ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಯಾಡಿ ಒಂದು ಸಾಲು ಹಾಡಿ, ನನ್ನ ಸಾಲಿಗೆ ಕಾದಳು. ತಾಂಡಾದ ಹೆಂಗಸರೆಲ್ಲ ಕಾದರು. ನನ್ನ ಎದೆಯಲ್ಲಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ಕನ್ನಡವಾಗುತ್ತಿತ್ತು... ಆಕೆ ಇನ್ನೊಮ್ಮೆ ಹಾಡಿದಳು. ಆಮೇಲೆ ಕೈ ಸಡಿಲಿಸಿ, ನಾನು ಹುಟ್ಟಿದಾಗಿನಿಂದ ಮೊದಲ ಸಲ ನನ್ನೊಡನೆ ಕನ್ನಡ ಆಡಿದಳು.

"ಹೋಗವಾ, ಗಾಡಿಗೆ ಹೊತ್ತಾಗ್ತೈತಿ."

ಈಗ ಮಾಸ್ತರೂ ಇಲ್ಲ. ಅವರ ಸುದ್ದಿ ಬಂದಾಗ ನನಗೆ ದುಃಖವಾಯಿತು, ಅದೇ ನನ್ನ ಸಿಟ್ಟು. ಹೋದ ವರ್ಷ ಯಾಡಿಯೂ ಹೋದಳು. ಹೆಣದ ಸುತ್ತ ಕೂತ ಹೆಂಗಸರೆಲ್ಲ ಆಕೆಯನ್ನು ಕರೆಕರೆದು ಹಾಡಿ ಅತ್ತರು. ಹೆತ್ತ ಮಗಳು ನಾನು, ಬಾಯಿಗೆ ಸೆರಗೊತ್ತಿಕೊಂಡು ನೆಂಟರ ಸಾಲಿನಲ್ಲಿ ಕೂತಿದ್ದೆ.