ಹಾಲಿನ ಲೆಕ್ಕ ಅಂದುಬಿಟ್ಟೆ

ನಮ್ಮ ಬೀದಿಯ ಇಸ್ತ್ರಿ ಬಂಡಿಯವನು ನೀರು ಚಿಮುಕಿಸಿದ ಬಟ್ಟೆಯ ಮೇಲೆ ಕಾದ ಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದೆ. ಬಿಸಿ ಹತ್ತಿಯ ವಾಸನೆ. ಮೊನ್ನೆ ಸೀರೆ ಕೊಡಲು ಹೋದಾಗ ಅದು ಮೂಗಿಗೆ ಬಡಿಯಿತು. ಮೇಡಮ್ಮ ನೆನಪಾದರು... ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಾನು ಸಿರುಗುಪ್ಪ ಕಡೆಯವಳು. ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ಗಂಡನ ಮನೆಯವರು ತೆಲುಗಿನವರು, ಮಕ್ಕಳೂ ತೆಲುಗಿನವರೇ ಆದರು. ಗಂಡ ಸತ್ತ ಮೇಲೆ ಅಚ್ಯುತಾಪುರಂನ ಒಂದು ಇಂಜೆಕ್ಷನ್ ಕಾರ್ಖಾನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದೆ. ಅಲ್ಲಿ ಸೀಸೆಗಳಿಗೆ ಔಷಧಿ ತುಂಬುವ ಒಂದು ಕೋಣೆ ಇತ್ತು. ಅದರೊಳಗೆ ಧೂಳು ಹೋಗಬಾರದು, ಕೂದಲು ಹೋಗಬಾರದು, ಗೌನು ಹಾಕದೆ ದೊರೆಯೂ ಹೋಗಬಾರದು. ಒಮ್ಮೆ ಹೋಗಿ ಬಂದರೆ ಆ ಗೌನು ನೇರವಾಗಿ ಒಗೆಯಲು ಬರಬೇಕು. ಔಷಧಿ ತುಂಬುವವರಿಗೆ ಬಿಳಿ ಗೌನು. ಪರೀಕ್ಷೆ ಮಾಡುವವರಿಗೂ ತಪಾಸಣೆಗೆ ಬರುವ ಅಧಿಕಾರಿಗಳಿಗೂ ನೀಲಿ. ಹಿಂದಿನ ಶೆಡ್ಡಿನಲ್ಲಿ ನೀಲಿ ಒಗೆದು ಇಸ್ತ್ರಿ ಮಾಡುವವಳು ನಾನೊಬ್ಬಳೇ.

ಒಂದು ಸಲ ಒಂದು ಗೌನು ಕಳೆಯಿತು, ನನ್ನ ತಲೆಗೆ ಕಟ್ಟಿದರು. ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ಬಂದ ನೀಲಿ ಗೌನಿಗೆ ಒಂದೊಂದು ಗೀಟು ಎಳೆಯತೊಡಗಿದೆ. ಬರದ ದಿನ ಚೌಕ ಖಾಲಿ.

ಮೇಡಮ್ಮ ಪರೀಕ್ಷೆ ವಿಭಾಗದವರು. ಹಾಸನದ ಕಡೆಯವರು, ಗಂಡ ನೇವಿಯಲ್ಲಿ. ಒಂದು ದಿನ ನಾನು ನಮ್ಮ ಗುತ್ತಿಗೆದಾರನನ್ನು ಕನ್ನಡದಲ್ಲಿ ಬೈಯುತ್ತಿದ್ದೆ, ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಿಂದ. ಹಿಂದಿನಿಂದ ನಗು ಕೇಳಿಸಿತು.

“ಇನ್ನೊಂದ್ಸಲ ಬೈಯಿರಿ ದೊಡ್ಡಮ್ಮ. ಊರು ಬಿಟ್ಟ ಮೇಲೆ ಇಷ್ಟು ಚೆನ್ನಾಗಿರೋದು ಕೇಳೇ ಇಲ್ಲ.”

“ನಿಮಗ್ಯಾಕ್ರಿ ಮೇಡಮ್ಮ, ಅದ್ರಾಗ ನಿಮಗೂ ಪಾಲು ಬೇಕೇನು?” ಅಂದೆ.

ಅಂದಿನಿಂದ ನಾನು ದೊಡ್ಡಮ್ಮ, ಅವರು ಮೇಡಮ್ಮ.

ಆ ಕೋಣೆಯ ಗಾಳಿ ಚೊಕ್ಕವಾಗಿದೆಯೇ ಎಂದು ಪರೀಕ್ಷೆಯವರು ದಿನಾ ಒಳಗೆ ಹೋಗಿ ನೋಡಬೇಕು. ಮೇಲಿನವರು ಅದನ್ನು ನಿಲ್ಲಿಸಿದರು. ನೋಡಿದರೆ ಕೊಳೆ ಸಿಗುತ್ತಿತ್ತು, ಸಿಕ್ಕರೆ ಕೆಲಸ ನಿಲ್ಲಿಸಬೇಕಿತ್ತು. ನೋಡದೆಯೇ ‘ನೋಡಿದ್ದೇವೆ, ಸರಿಯಿದೆ’ ಎಂದು ಬರೆಸಿದರು. ಮೇಡಮ್ಮ ಸಹಿ ಹಾಕಲಿಲ್ಲ, ಬೇರೆಯವರಿಂದ ಹಾಕಿಸಿದರು. ಮೇಡಮ್ಮ ತಪಾಸಣೆ ಕಚೇರಿಗೆ ದೂರು ಬರೆದರು. ಅಲ್ಲಿಂದ ಒಬ್ಬ ಅಧಿಕಾರಿ ಬಂದ. ಸಿಂಹಾಚಲಂನಲ್ಲಿ ಚಂದನೋತ್ಸವದ ದಿನ ಅದು. ಬೆಟ್ಟಕ್ಕೆ ಹೋಗಲು ರಜೆ ಕೊಡಲಿಲ್ಲವೆಂದು ನಾನು ಉರಿಯುತ್ತಿದ್ದೆ, ಅದಕ್ಕೇ ನೆನಪಿದೆ. ಆ ಮನುಷ್ಯ ಕ್ಯಾಂಟೀನಿನಲ್ಲಿ ಸೀಗಡಿ ತಿಂದ, ನನ್ನ ಶೆಡ್ಡಿನ ನಲ್ಲಿಯಲ್ಲಿ ಕೈ ತೊಳೆದ, ಮ್ಯಾನೇಜರ್ ಕೊಟ್ಟ ಚೀಲ ಹಿಡಿದು ಕಾರು ಹತ್ತಿದ. ಕೋಣೆಯೊಳಗೆಲ್ಲ ನೋಡಿದೆ ಎಂದು ಸಹಿ ಹಾಕಿ ಹೋದನಂತೆ. ಅವತ್ತು ನನಗೆ ಒಂದು ನೀಲಿ ಗೌನೂ ಬರಲಿಲ್ಲ.

ಆ ಇಂಜೆಕ್ಷನ್ ಸಮುದ್ರದಾಚೆಯ ಒಂದು ದೇಶಕ್ಕೂ ಹೋಗುತ್ತಿತ್ತು. ಮೇಡಮ್ಮ ಅಲ್ಲಿನ ಔಷಧಿ ಇಲಾಖೆಗೆ ಬರೆದರು. ನಾನು ನಕ್ಕೆ.

“ನಮ್ಮ ಹೊಲಸು ಅವರಿಗ್ಯಾಕ ಬೇಕ್ರಿ?”

“ಈ ಸೂಜಿ ಅವರ ಮಕ್ಕಳಿಗೂ ಚುಚ್ಚುತ್ತಲ್ಲ ದೊಡ್ಡಮ್ಮ.”

ಒಂದು ದಿನ ಹೇಳದೆ ಕೇಳದೆ ಬಂದೇಬಿಟ್ಟರು. ಆ ದೇಶದ ಒಬ್ಬ ಹೆಂಗಸು, ಜೊತೆಗೆ ವಿಜಯವಾಡದಿಂದ ನಮ್ಮವರೇ ಒಬ್ಬ ಹೊಸ ಅಧಿಕಾರಿ, ಒಂದೇ ಕಾರಿನಲ್ಲಿ. ಆ ಹೆಂಗಸಿನ ಎತ್ತರಕ್ಕೆ ನಮ್ಮ ನೀಲಿ ಗೌನು ಮೊಣಕಾಲಿಗೇ ನಿಂತಿತು. ಆಕೆ ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ, ತನ್ನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ತಿಂದಳು. ನೆಲಕ್ಕೆ ಮಂಡಿಯೂರಿ ಬಾಗಿಲ ಸಂದಿಗೆ ಟಾರ್ಚ್ ಬಿಟ್ಟು ನೋಡಿದಳು. ಅಧಿಕಾರಿ ಮಂಡಿಯೂರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಸ್ತಕಗಳಲ್ಲಿ ತಪ್ಪು ಸಿಗಲಿಲ್ಲ, ಅಷ್ಟು ಚೆಂದ ಬರೆದಿಟ್ಟಿದ್ದರು. ಕೊನೆಗೆ ಗೌನು ಕಳಚಿದವಳು, ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಆ ಗೌನಿನ ಹಿಂದೆಯೇ ನಡೆದು ನನ್ನ ಶೆಡ್ಡಿಗೆ ಬಂದಳು!

ಕ್ಯಾಲೆಂಡರ್ ನೋಡಿ, ಹಾಳೆ ಹಾಳೆ ಮಗುಚಿ ಫೋಟೊ ತೆಗೆದಳು. ಈ ಗೀಟುಗಳೇನು ಎಂದಳು. ವಿಜಯವಾಡದವರು ನನಗೆ ಅದನ್ನು ತೆಲುಗಿನಲ್ಲಿ ಕೇಳಿದರು. ನನ್ನ ಬೆನ್ನಿಗೆ ಮ್ಯಾನೇಜರ್ ನಿಂತಿದ್ದ. “ಪಾಲ ಲೆಕ್ಕ ಅನಿ ಚೆಪ್ಪು” ಎಂದು ಮೆಲ್ಲಗೆ ಗೊಣಗಿದ. ಹಾಲಿನ ಲೆಕ್ಕ ಎಂದು ಹೇಳು ಅಂತ. ಬಾಗಿಲಲ್ಲಿ ಮೇಡಮ್ಮ ನಿಂತಿದ್ದರು.

ಹಾಲಿನ ಲೆಕ್ಕ ಅಂದುಬಿಟ್ಟೆ.

ಮೇಡಮ್ಮ ಬಾಗಿಲಿನಿಂದಲೇ ನನ್ನನ್ನೊಮ್ಮೆ ನೋಡಿದರು, ಅಷ್ಟೇ. ಸಂಜೆ ಮ್ಯಾನೇಜರ್ ಆ ಕ್ಯಾಲೆಂಡರನ್ನು ಬಾಯ್ಲರಿಗೆ ಹಾಕಿಸಿದ. ವಾರದೊಳಗೆ, ಸುಳ್ಳು ದೂರು ಕೊಟ್ಟರೆಂದು ಮೇಡಮ್ಮನನ್ನು ಕೆಲಸದಿಂದ ತೆಗೆದರು. ಕೇಸು ಹಾಕುತ್ತೇವೆ ಎಂದೂ ಹೆದರಿಸಿದರು.

ನನಗೆ ಅನ್ನ ಇಳಿಯಲಿಲ್ಲ ಎಂದೆಲ್ಲ ಬರೆಯುವುದಿಲ್ಲ. ಇಳಿಯಿತು. ಕೆಲಸಕ್ಕೂ ಹೋದೆ. ಆದರೆ ಆ ಖಾಲಿ ಗೋಡೆ ನೋಡಿದಾಗೆಲ್ಲ ಮೈ ಉರಿಯುತ್ತಿತ್ತು. ಒಂದು ಭಾನುವಾರ ಬಸ್ಸು ಹತ್ತಿ ನೇವಿ ಕ್ವಾರ್ಟರ್ಸಿಗೆ ಹೋದೆ. ಮೇಡಮ್ಮ ಬಾಗಿಲು ತೆಗೆದರು.

“ಅದು ಹಾಲಲ್ಲ ಅಂತ ಎಲ್ಲಿ ಹೇಳಬೇಕ್ರಿ?”

“ಮೊದಲು ಒಳಗೆ ಬಂದು ಕಾಫಿ ಕುಡೀರಿ” ಎಂದರು.

ನಾನು ಹೇಳಿದ್ದನ್ನು ಮೇಡಮ್ಮ ಆ ಇಬ್ಬರು ಅಧಿಕಾರಿಗಳಿಗೂ ಬರೆದು ಕಳಿಸಿದರು. ಹದಿನೈದು ದಿನಕ್ಕೆ ನಮ್ಮಿಬ್ಬರಿಗೂ ವಿಜಯವಾಡದ ಕಚೇರಿಗೆ ಬರಲು ಹೇಳಿ ಕಳಿಸಿದರು. ರೈಲಿನಲ್ಲಿ ಆರು ಗಂಟೆಯ ದಾರಿ. ಮೇಡಮ್ಮ ನನ್ನನ್ನು ಕಿಟಕಿ ಪಕ್ಕ ಕೂರಿಸಿದರು, ಡಬ್ಬಿ ತೆಗೆದು ಇಡ್ಲಿ ಕೊಟ್ಟರು. ರಾಜಮಂಡ್ರಿ ದಾಟಿದ ಮೇಲೆ ನಾನೇ ಕೇಳಿದೆ.

“ಅವತ್ತು ನೀವು ನನಗ್ಯಾಕ ಬೈಲಿಲ್ಲ?”

“ನನ್ನ ಹಿಂದೆ ಗಂಡ ಇದಾರೆ, ಓದಿದೆ, ಇನ್ನೊಂದು ಕೆಲಸ ಸಿಗುತ್ತೆ ಅನ್ನೋ ಧೈರ್ಯ ಇದೆ” ಎಂದರು. “ನಿಮ್ಮ ಹಿಂದೆ ಆ ಮ್ಯಾನೇಜರ್ ಒಬ್ಬನೇ ಇದ್ದಿದ್ದು.”

ಕಚೇರಿಯಲ್ಲಿ ಮೇಡಮ್ಮನನ್ನು ಹೊರಗೆ ಕೂರಿಸಿದರು. ಒಬ್ಬರ ಮಾತು ಇನ್ನೊಬ್ಬರು ಕೇಳಬಾರದಂತೆ. ಒಳಗೆ ಗೋಡೆಯ ಮೇಲೆ ದೊಡ್ಡ ಪರದೆ. ಅದರ ಒಂದು ಚೌಕದಲ್ಲಿ ಆ ಎತ್ತರದ ಹೆಂಗಸು, ತನ್ನ ದೇಶದಲ್ಲಿ ಕೂತಿದ್ದಳು. ಅಲ್ಲಿ ಇನ್ನೂ ಬೆಳಗಾಗುತ್ತಿತ್ತಂತೆ. ಯಾವ ಭಾಷೆಯಲ್ಲಿ ಹೇಳುತ್ತೀಯಮ್ಮ ಎಂದರು. ಕನ್ನಡ ಅಂದೆ. ಅದಕ್ಕೆಂದೇ ಬೆಂಗಳೂರಿನಿಂದ ಒಬ್ಬನನ್ನು ಇನ್ನೊಂದು ಚೌಕದೊಳಗೆ ತಂದು ಕೂರಿಸಿದರು. ಒಗೆಯುವವಳ ಮಾತಿಗೆ ಇಷ್ಟು ಜನ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ತಾವು ನಿಲುವಂಗಿಗಳನ್ನು ಗುರುತು ಮಾಡುತ್ತಿದ್ದಿರಾ?” ಎಂದ ಆ ಬೆಂಗಳೂರಿನವನು.

“ನಿಲುವಂಗಿ ಅಂದ್ರ ಏನಪ್ಪಾ? ಗೌನಾ?”

ನಕ್ಕು, “ಹೌದಮ್ಮ, ಗೌನು” ಎಂದ.

ಸುಟ್ಟುಹೋದ ಕ್ಯಾಲೆಂಡರು ಪರದೆಯ ಮೇಲೆ ಬಂತು, ಆಕೆ ತೆಗೆದ ಫೋಟೊದಲ್ಲಿ. ನನ್ನ ಸೊಟ್ಟ ಗೀಟುಗಳು ಒಂದೊಂದೂ ಮೊಳದುದ್ದ ಕಾಣಿಸಿದವು. ಚಂದನೋತ್ಸವದ ಚೌಕ ಖಾಲಿ ಇತ್ತು. ಅದರ ಆಚೀಚೆಯ ಎಷ್ಟೋ ಚೌಕಗಳೂ ಖಾಲಿ, ಪುಸ್ತಕದಲ್ಲಿ ಮಾತ್ರ ಆ ದಿನಗಳಲ್ಲೂ ‘ನೋಡಿದ್ದೇವೆ’ ಎಂದಿತ್ತು. ಎಲ್ಲ ಹೇಳಿದೆ. ಸೀಗಡಿ, ನಲ್ಲಿ, ಚೀಲ, ಯಾವುದೂ ಬಿಡಲಿಲ್ಲ.

ಮೊದಲು ಹಾಲು ಎಂದು ಯಾಕೆ ಹೇಳಿದಿರಿ ಎಂದು ಆಕೆ ಕೇಳಿದಳು.

“ಹೆದರಿದ್ದೆ. ಸುಳ್ಳು ಹೇಳಿದೆ. ತಪ್ಪಾತು” ಅಂದೆ.

ಅದನ್ನೂ ಬರೆದುಕೊಂಡಳು. ಆಮೇಲೆ ಬರೆದದ್ದನ್ನೆಲ್ಲ ನನಗೆ ಓದಿ ಹೇಳಿಸಿದಳು. ಒಂದು ಕಡೆ ಅಲ್ಲ ಅಂದೆ, ತಿದ್ದಿದಳು. ಮತ್ತೆ ಮೊದಲಿನಿಂದ ಓದಿಸಿದಳು. ಈಗ ಸರಿಯೇ ಎಂದು ನನ್ನನ್ನು ಕೇಳಿದಳು, ನಾನು ಹೂಂ ಅನ್ನುವವರೆಗೆ ಕಾದಳು. ಅರವತ್ತು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಕಾದಿರಲಿಲ್ಲ.

ಆಮೇಲಿನದು ಮೇಡಮ್ಮ ಹೇಳಿದ್ದು. ಹಡಗಿನಲ್ಲಿದ್ದ ಪೆಟ್ಟಿಗೆಗಳನ್ನು ನಡುದಾರಿಯಿಂದ ವಾಪಸು ತರಿಸಿದರಂತೆ. ಸೀಗಡಿ ತಿಂದವನು ಅಂಥ ಚೀಲಗಳ ದುಡ್ಡಲ್ಲಿ ಇನ್ಯಾವುದೋ ದೇಶದಲ್ಲಿ ಮನೆ ಕೊಂಡಿದ್ದನಂತೆ, ಆ ದೇಶದವರೂ ಅದರ ಕಾಗದ ಕಳಿಸಿದರಂತೆ. ಕಳ್ಳರ ವಿಷಯ ಒಬ್ಬರು ಕೇಳಿದರೆ ಇನ್ನೊಬ್ಬರು ಮುಚ್ಚಿಡಬಾರದೆಂದು ದೇಶ ದೇಶಗಳೇ ಒಪ್ಪಿಕೊಂಡಿರುತ್ತವಂತೆ. ನನಗೆ ಇವತ್ತಿಗೂ ಅದು ಪೂರ್ತಿ ತಲೆಗೆ ಹೋಗಿಲ್ಲ. ನಮ್ಮ ಓಣಿಯಲ್ಲಿ ಎರಡು ಮನೆಯವರು ಒಂದು ಚರಂಡಿ ಬಗ್ಗೆ ಒಪ್ಪುವುದಿಲ್ಲ. ಮುಖ ನೋಡದ ಮೂರು ದೇಶದವರು ಒಂದು ಒಗೆಯುವ ಶೆಡ್ಡಿನ ಗೋಡೆ ಹಿಡಿದು ಹೊರಟರು ಎಂದರೆ...

ಆ ಕೋಣೆಯನ್ನು ಒಡೆದು ಹೊಸದಾಗಿ ಕಟ್ಟಿದರು. ನನ್ನನ್ನು ಗುತ್ತಿಗೆದಾರ ಕೆಲಸದಿಂದ ಬಿಡಿಸಿದ. ಮೇಡಮ್ಮನನ್ನು ಮತ್ತೆ ಕರೆದರು, ಅವರು ಹೋಗಲಿಲ್ಲ. ಗಂಡನಿಗೆ ಕಾರವಾರಕ್ಕೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು ಮಾಡಿ, “ಯಾರನ್ನ ಬೈದ್ರಿ ಇವತ್ತು?” ಎಂದು ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಗಂಡ ಫೋನು ಮಾಡಿದರು. ಜ್ವರವೆಂದು ಆಸ್ಪತ್ರೆಗೆ ಸೇರಿದ ಮೇಡಮ್ಮ ಮತ್ತೆ ಮನೆಗೆ ಬರಲಿಲ್ಲ.

ತಪ್ಪಾಯಿತು ಎಂದು ಆ ಪರದೇಶದ ಹೆಂಗಸಿಗೆ ಹೇಳಿದೆ. ಎರಡು ದೇಶದ ಕಚೇರಿಯಲ್ಲಿ ಅದು ಬರೆದಿಟ್ಟಿದೆ. ಹೊರಗೆ ಕೂತಿದ್ದ ಮೇಡಮ್ಮನಿಗೆ ಕೇಳಿಸಲಿಲ್ಲ, ನಾನೂ ಹೇಳಲಿಲ್ಲ. ವಾಪಸು ಬರುವಾಗ ಮತ್ತೆ ಆರು ಗಂಟೆ ಪಕ್ಕದಲ್ಲೇ ಕೂತಿದ್ದರು. ನಾಳೆ ಹೇಳಿದರಾಯಿತು ಎಂದು ನಾನು ನಿದ್ದೆ ಮಾಡಿದೆ.