ಪಂಕಜಮ್ಮನ ರಾಜಧಾನಿ

ವಿಜಯವಾಡವೆಲ್ಲ ಹೊಸ ರಾಜಧಾನಿಯ ಮಾತಾಡುತ್ತಿದ್ದ ವರ್ಷಗಳಲ್ಲಿ, ಬಳ್ಳಾರಿಯಿಂದ ಸೊಸೆಯಾಗಿ ಬಂದ ಪಂಕಜಮ್ಮ ಅಡುಗೆಮನೆಯಲ್ಲಿ ಕಾದಂಬರಿ ಬರೆಯುತ್ತ ತಮ್ಮದೇ ರಾಜಧಾನಿ ಕಟ್ಟಿದರು. ಸಾರಿಗೆ ಒಗ್ಗರಣೆ ಬೀಳುವಷ್ಟರಲ್ಲಿ ಮಂತ್ರಿಯೊಬ್ಬನ ತಲೆ ಉರುಳುತ್ತಿತ್ತು; ಗೊಂಗೂರ ಸೊಪ್ಪು ಬಿಡಿಸಿ ಮುಗಿಯುವ ಮೊದಲೇ ಮಾಟಗಾತಿ ರಾಣಿ ಮೂರನೆಯ ಗಂಡನನ್ನು ಗಡೀಪಾರು ಮಾಡುತ್ತಿದ್ದಳು. "ಇದು ಮೊದಲನೇ ಭಾಗ, ಇನ್ನೂ ಐದು ಅದಾವ್ರಿ," ಎಂದು ಬಂದವರನ್ನೆಲ್ಲ ಹೆದರಿಸುತ್ತಿದ್ದರು. ರಾಣಿಯ ಶಯನಗೃಹದ ಅಧ್ಯಾಯ ತೆಗೆಯಿರಿ ಎಂದು ಬೆಂಗಳೂರಿನ ಪ್ರಕಾಶಕರು ಫೋನ್ ಮಾಡಿದಾಗ, "ರಾಜ್ಯ ಕೈ ಬದಲಾಗೋದೇ ಅಲ್ಲಿ. ಓದೋರು ದೊಡ್ಡೋರು, ನೀವು ಅಂಜಬ್ಯಾಡ್ರಿ," ಎಂದರು. ಆ ತೆಲುಗು ಮನೆಯಲ್ಲಿ ಕನ್ನಡ ಎಲ್ಲರಿಗೂ ಅರ್ಥವಾಗುತ್ತಿತ್ತು, ಓದಲು ಮಾತ್ರ ಪಂಕಜಮ್ಮನ ಹೊರತು ಯಾರಿಗೂ ಬರುತ್ತಿರಲಿಲ್ಲ. ಪುಸ್ತಕ ಬಂದ ದಿನ ಮಗಳು ಸಾಯಿಲಕ್ಷ್ಮಿ, "ಅಮ್ಮಾ, ನೀನೇ ಓದು, ನಾವು ಕೇಳ್ತೀವಿ," ಎಂದಳು. ಅತ್ತೆಯೂ ಗಂಡನೂ ಎದುರಿಗೇ ಕೂತಿದ್ದರು. ಪಂಕಜಮ್ಮ ಆ ಶಯನಗೃಹದ ಅಧ್ಯಾಯವನ್ನೇ ತೆರೆದು, ದನಿ ತಗ್ಗಿಸದೆ ಓದತೊಡಗಿದರು.