ಅಮ್ಮನಲ್ಲಿ ಉಳಿದ ‘ತಾ’

ನಿಘಂಟು ಕಚೇರಿಯಲ್ಲಿ ಅವನನ್ನು ಎಲ್ಲರೂ ಬೇರಣ್ಣ ಅನ್ನುತ್ತಾರೆ. ಯಾವ ಪದ ಎಲ್ಲಿಂದ ಬಂತು ಎಂದು ಬೇರು ಕೆದಕುವುದೇ ಅವನ ಕೆಲಸ. ಕೂತರೆ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳದ ಜಾಯಮಾನ. ಅಂಥವನು ಈಗ ಕೆಂಡ ತುಳಿದವನಂತೆ ಮನೆ ತುಂಬ ಓಡಾಡುತ್ತಿದ್ದ. ಪಾರ್ಶ್ವವಾಯು ಹೊಡೆದ ಮೇಲೆ ಅವನ ಅಮ್ಮನ ಬಾಯಲ್ಲಿ ಉಳಿದದ್ದು ಒಂದೇ ಮಾತು: ತಾ.

ಮೊದಮೊದಲು ಮನೆಯವರು ತಂದದ್ದೇ ತಂದದ್ದು. ನೀರು, ಕನ್ನಡಕ, ಬಾಚಣಿಗೆ, ರೇಡಿಯೊ. ಎಲ್ಲಕ್ಕೂ ಅವಳು ಬೇಡವೆಂದು ತಲೆಯಾಡಿಸಿದಳು. ಮಾತಿನ ಅಭ್ಯಾಸ ಮಾಡಿಸಲು ಬರುವ ಥೆರಪಿಸ್ಟ್, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಎಚ್ಚರಿಸಿದ್ದರು: ಆಡಿದ್ದು ಯಾರಿಗೂ ತಲುಪದಿದ್ದರೆ ಇಂಥವರು ಆಡುವುದನ್ನೇ ಬಿಟ್ಟುಬಿಡುತ್ತಾರೆ. ಆಗಲೇ ಅಮ್ಮ ಇಡೀ ದಿನದಲ್ಲಿ ಒಮ್ಮೆ ಬಾಯಿ ತೆರೆದರೆ ಹೆಚ್ಚು ಎಂಬಂತಾಗಿತ್ತು.

ಬೇರಣ್ಣ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ನಮ್ಮಲ್ಲಿ ತಾ ಎಂದರೆ ತೆಗೆದುಕೊಂಡು ಬಾ. ತಮಿಳು, ಮಲಯಾಳದಲ್ಲಿ ಕೊಡು. ಅದರ ಹಳೆಯ ಬೇರು ಇನ್ನೂ ನಾಜೂಕು: ನನಗೋ ನಿನಗೋ ಕೊಡುವುದಕ್ಕಷ್ಟೇ ಅದು, ಮೂರನೆಯವರಿಗೆ ಕೊಡಲು ಬೇರೆ ಪದ. ಹಳಗನ್ನಡದ ತಾಂ ಎಂದರೆ ತಾನು. ಅದರ ಬಳ್ಳಿಯೇ ಬೇರೆ. ಚೀನೀ ಭಾಷೆಯಲ್ಲಿ ಅವನೂ ತಾ, ಅವಳೂ ತಾ. ಇಂಗ್ಲಿಷರ ಮನೆಮಾತಿನಲ್ಲಿ ಉಪಕಾರವಾಯಿತು ಎನ್ನಲು ತಾ. ಮಕ್ಕಳ ತೊದಲಿನಿಂದ ಬಂದದ್ದಂತೆ. ನಂಟೇ ಇಲ್ಲದವರೆಲ್ಲ ಒಂದೇ ಅಂಗಿ ಹೊಲಿಸಿಕೊಂಡ ಹಾಗೆ. ಅಮ್ಮ ಏನನ್ನೋ ಕೇಳುತ್ತಿದ್ದಾಳೋ, ಯಾರನ್ನೋ ನೆನೆಯುತ್ತಿದ್ದಾಳೋ, ತನ್ನ ಸುದ್ದಿಯನ್ನೇ ಹೇಳುತ್ತಿದ್ದಾಳೋ? ಊಟದ ನಡುವೆ ಎದ್ದು ಕಪಾಟು ತೆರೆಯುವನು, ಏನೂ ತೆಗೆಯದೆ ಮುಚ್ಚುವನು.

ತಂಗಿಗೆ ಸಾಕಾಯಿತು. “ಅಣ್ಣಾ, ಅಮ್ಮ ಚೀನಾಕ್ಕೆ ಯಾವಾಗ ಹೋಗಿದ್ಲೋ? ಒಂದು ಕಡೆ ಕೂತ್ಕೋ ಮಾರಾಯ. ನಿನ್ನ ನೋಡಿ ನೋಡಿ ನನಗೇ ತಲೆ ಸುತ್ತುತ್ತೆ.”

ಅವನು ಕೂರಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಒಣಗಿದ ದೊಡ್ಡ ಹೊದಿಕೆಯನ್ನು ಅಣ್ಣ ತಂಗಿ ಇಬ್ಬರೂ ಆಚೀಚೆ ಹಿಡಿದು ಮಡಚತೊಡಗಿದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ತಂಗಿ ತನ್ನ ತುದಿಯನ್ನು ಅಮ್ಮನ ಮಡಿಲಿಗೆ ಹಾಕಿ ಒಳಗೆ ಓಡಿದಳು. ಸ್ವಾಧೀನವಿದ್ದ ಎಡಗೈಯಿಂದ ಅಮ್ಮ ಎರಡೂ ಮೂಲೆಗಳನ್ನು ತಡವಿ ಕೂಡಿಸಿ ಹಿಡಿದಳು. ಮಗನ ಕಡೆ ನೋಡಿದಳು.

“ತಾ.”

ಸೊಂಟ ಬಗ್ಗುವ ತನಕ ಅವಳು ದುಡಿದದ್ದು ಹೋಟೆಲೊಂದರ ಲಾಂಡ್ರಿಯಲ್ಲಿ. ಅಲ್ಲಿ ಹೊದಿಕೆ ಮಡಚಲು ಜೋಡಿಯಾಗಿ ನಿಲ್ಲುತ್ತಿದ್ದರು. ಜೊತೆಗಾತಿಯ ಭಾಷೆ ಇವಳಿಗೆ ಬಾರದು, ಇವಳದು ಅವಳಿಗೆ ಬಾರದು. ತಾ ಎಂದು ಕರೆದವಳು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬಳು ತನ್ನ ಮೂಲೆ ಹಿಡಿದು ನಡೆದು ಬರಬೇಕು. ಇಬ್ಬರೂ ಒಟ್ಟಿಗೆ ನಡೆದರೆ ಹಣೆಗೆ ಹಣೆ ಎಂದು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಬೇರಣ್ಣ ತನ್ನ ಮೂಲೆಗಳನ್ನು ಹಿಡಿದು ನಡೆದು ಹೋದ. ಅವನ್ನು ತನ್ನವಕ್ಕೆ ಸೇರಿಸಿ ಅಮ್ಮ ಮಡಿಲ ಮೇಲೆ ಒತ್ತಿದಳು. ಬೇಡವೆಂದು ತಲೆಯಾಡಿಸಲಿಲ್ಲ.

ಇದೇ ಇರಬೇಕೆ? ಬಟ್ಟೆ ಸಿಕ್ಕಿದ್ದಕ್ಕೆ ಹಳೆಯ ರೂಢಿ ಕೈಗೆ ಬಂದದ್ದಷ್ಟೇ ಆಗಿದ್ದರೆ? ಒಂದೇ ಪ್ರಯೋಗ ನೋಡಿ ಅರ್ಥ ಕಟ್ಟುವವನಲ್ಲ ಅವನು.

“ತಾ,” ಎಂದಳು ಅಮ್ಮ, ಮತ್ತೆ, ತುಸು ಗಟ್ಟಿಯಾಗಿ.

ಮಡಚಲು ಇನ್ನೇನೂ ಉಳಿದಿರಲಿಲ್ಲ. ಅವನು ಹೊದಿಕೆಯನ್ನು ಕೊಡವಿ ಪೂರ್ತಿ ಬಿಚ್ಚಿದ. ಎರಡು ಮೂಲೆಗಳನ್ನು ಅವಳ ಬೆರಳುಗಳಿಗೆ ಕೊಟ್ಟು, ಉಳಿದೆರಡನ್ನು ಹಿಡಿದು ಬಾಗಿಲ ತನಕ ಹಿಂದೆ ಹಿಂದೆ ನಡೆದ.